‘ಕಾರ್ಟಿಲೇಜ್ ಟೆಸ್ಟ್’ ಹೈ ಬಂದಿದೆ, ನನ್ನ ಮೊಣಕಾಲು ಸವೆದಿದೆಯೇ?

ಪ್ರಶ್ನೆ: ನಾನು ಗುಳೇದಗುಡ್ಡದವಳು, ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 46, ಎತ್ತರ 5 ಅಡಿ 1 ಇಂಚು, ತೂಕ 71 ಕಿಲೋ. ಒಂದು ವರ್ಷದಿಂದ ಬಲ ಮೊಣಕಾಲು ನೋಯುತ್ತಿದೆ. ಮೆಟ್ಟಿಲು ಇಳಿಯುವಾಗ, ನಲಿ-ಕಲಿ ತರಗತಿಯಲ್ಲಿ ಮಕ್ಕಳ ಜೊತೆ ಕೆಳಗೆ ಕೂತು ಏಳುವಾಗ ಜಾಸ್ತಿ. ಬೆಳಿಗ್ಗೆ ಹತ್ತು ನಿಮಿಷ ಬಿಗಿಯಾಗಿರುತ್ತದೆ, ಓಡಾಡಿದರೆ ಬಿಡುತ್ತದೆ. ನಮ್ಮ ಅವ್ವ ಮಗ್ಗದ ಮೇಲೆ ದುಡಿದವಳು. ಅವಳ ಎರಡೂ ಮೊಣಕಾಲಿಗೆ ಆಪರೇಷನ್ ಮಾಡಿ ಕೀಲು ಬದಲಿಸಿದ್ದಾರೆ. ಅದಕ್ಕೂ ಮುಂಚೆ ಅವಳು ಹತ್ತು ವರ್ಷ ಪಟ್ಟ ತ್ರಾಸು ಕಣ್ಣಾರೆ ಕಂಡಿದ್ದೇನೆ. ಎಕ್ಸ್-ರೇಯಲ್ಲಿ ಕಾಣುವ ಎಂಟು ವರ್ಷ ಮೊದಲೇ ರಕ್ತದಲ್ಲಿ ಸವೆತ ಗೊತ್ತಾಗುತ್ತದೆ ಎಂಬ ಸುದ್ದಿ ಓದಿ ಒಂದು ಲ್ಯಾಬಿನಲ್ಲಿ ಕೀಲುಗಳ ಪ್ಯಾಕೇಜ್ ಮಾಡಿಸಿದೆ. ಅವತ್ತು ಬೆಳಿಗ್ಗೆ ವಾಕಿಂಗ್ ಮುಗಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ಹಾಗೇ ಹೋಗಿ ರಕ್ತ ಕೊಟ್ಟೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್. ಇಎಸ್‌ಆರ್, ಸಿಆರ್‌ಪಿ, ಎಎಸ್‌ಒ ನಾರ್ಮಲ್. ಯೂರಿಕ್ ಆಸಿಡ್ 5.1. ಆದರೆ ‘ಕಾಂಪ್’ ಎಂಬುದು 12.9 ಇದೆ, 12ರೊಳಗೆ ಇರಬೇಕಂತೆ. ಕೆಂಪು ಅಕ್ಷರದಲ್ಲಿ ‘ಹೈ’ ಎಂದು ಬರೆದಿದ್ದಾರೆ. ಕಾರ್ಟಿಲೇಜ್ ಕರಗಲು ಶುರುವಾಗಿದೆ, ಗ್ಲುಕೋಸಮೀನ್ ಮಾತ್ರೆ ತಗೊಳ್ಳಿ, ಮೂರು ತಿಂಗಳಿಗೊಮ್ಮೆ ಇದೇ ಟೆಸ್ಟ್ ಮಾಡಿಸಿ ಎಂದು ಲ್ಯಾಬಿನವರು ಹೇಳಿದರು. ಹೆದರಿ ವಾಕಿಂಗ್ ಬಿಟ್ಟಿದ್ದೇನೆ. ನನಗೂ ಅವ್ವನ ಗತಿಯೇ?

ಉತ್ತರ: ಟೀಚರ್, ನಾಳೆ ಬೆಳಿಗ್ಗೆಯೇ ವಾಕಿಂಗ್ ಮತ್ತೆ ಶುರು ಮಾಡಿ. ಉಳಿದದ್ದನ್ನು ನಡೆದು ಬಂದ ಮೇಲೆ ಓದಿದರೂ ಆದೀತು.

ನಿಮ್ಮ ಪತ್ರದಲ್ಲಿ ಮೂರು ಭಯ ಒಂದಕ್ಕೊಂದು ತೊಡರಿಕೊಂಡಿವೆ: ಓದಿದ ಸುದ್ದಿ, ಕೈಗೆ ಬಂದ ರಿಪೋರ್ಟು, ಮನೆಯಲ್ಲಿ ಕಂಡ ಅವ್ವ. ಒಂದೊಂದಾಗಿ ಬಿಡಿಸೋಣ.

ಸುದ್ದಿ ಸುಳ್ಳಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ವರ್ಜೀನಿಯಾ ಕ್ರೌಸ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಲಂಡನ್ ಬದಿಯ ಚಿಂಗ್‌ಫೋರ್ಡ್‌ನ 200 ಮಹಿಳೆಯರ ಹಳೆಯ ರಕ್ತದ ಸ್ಯಾಂಪಲ್‌ಗಳನ್ನು ಅವರು ಪರೀಕ್ಷಿಸಿದರು. ಅರ್ಧ ಜನಕ್ಕೆ ಮುಂದೆ ಮೊಣಕಾಲಿನ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತ, ಬಂದಿತ್ತು, ಇನ್ನರ್ಧಕ್ಕೆ ಬಂದಿರಲಿಲ್ಲ. ಆರು ಪ್ರೋಟೀನ್ ತುಣುಕುಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ, ಎಕ್ಸ್-ರೇಯಲ್ಲಿ ಕಾಣುವ 8 ವರ್ಷ ಮೊದಲೇ ಎರಡು ಗುಂಪುಗಳ ವ್ಯತ್ಯಾಸ ಒಂದು ಮಟ್ಟಿಗೆ ಸಿಕ್ಕಿತು. ಎಷ್ಟು ಮಟ್ಟಿಗೆ? ಮುಂದೆ ಕಾಯಿಲೆ ಬರುವವಳೊಬ್ಬಳು, ಬಾರದವಳೊಬ್ಬಳು, ಇಬ್ಬರನ್ನೂ ಎದುರಿಗೆ ನಿಲ್ಲಿಸಿ ‘ಯಾರಿಗೆ ಬರುತ್ತದೆ?’ ಎಂದು ಕೇಳಿದರೆ ಆ ಪರೀಕ್ಷೆ ನೂರರಲ್ಲಿ 77 ಸಲ ಸರಿ ಹೇಳುತ್ತದೆ. ರೂಪಾಯಿ ನಾಣ್ಯ ಚಿಮ್ಮಿ ಹೇಳಿದರೂ 50 ಸಲ ಸರಿಯಾಗುತ್ತದೆ. ಸಂಶೋಧಕರಿಗೆ ಇದು ಖುಷಿಯ ಫಲಿತಾಂಶ, ನನಗೂ. ಒಬ್ಬರ ಮೊಣಕಾಲಿನ ಭವಿಷ್ಯ ಹೇಳಲು ಮಾತ್ರ ಸಾಲದು.

ಅಷ್ಟಕ್ಕೂ ನೀವು ಮಾಡಿಸಿದ್ದು ಆ ಆರು ತುಣುಕುಗಳ ಪರೀಕ್ಷೆಯೇ ಅಲ್ಲ. ಸುದ್ದಿ ಒಂದರದ್ದು, ಬಿಲ್ಲು ಇನ್ನೊಂದರದ್ದು.

ಈಗ ರಿಪೋರ್ಟಿಗೆ ಬರೋಣ. ಕಾರ್ಟಿಲೇಜ್ ಅಂದರೆ ಪಠ್ಯಪುಸ್ತಕದ ಮೃದ್ವಸ್ಥಿ. ಕುರಿಕಾಲಿನ ಎಲುಬಿನ ತುದಿಯಲ್ಲಿ ಬೆಳ್ಳಗೆ, ನುಣ್ಣಗೆ ಅಂಟಿಕೊಂಡಿರುವ ಪದರವನ್ನು ಮಾಂಸದ ಅಡುಗೆ ಮಾಡುವ ಮನೆಯವರು ನೋಡಿಯೇ ಇರುತ್ತಾರೆ. ನಮ್ಮ ಮೊಣಕಾಲಲ್ಲಿ ಅದು ಕೆಲವೇ ಮಿಲಿಮೀಟರ್ ದಪ್ಪ. ಅದರ ಸುಮಾರು ಮುಕ್ಕಾಲು ಭಾಗ ನೀರು. ಉಳಿದದ್ದರಲ್ಲಿ ಕೊಲಾಜನ್ ಎಂಬ ಎಳೆಗಳು ಮುಖ್ಯ, ಆ ಎಳೆಗಳನ್ನು ಹೊಂದಿಸಿ ಹಿಡಿಯುವ ಪ್ರೋಟೀನ್‌ಗಳಲ್ಲಿ ಒಂದು ಈ ಕಾಂಪ್. ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ, ನರವೂ ಇಲ್ಲ. ಹಾಗಾದರೆ ಅದಕ್ಕೆ ಊಟ ಎಲ್ಲಿಂದ? ಹೆಜ್ಜೆ ಇಟ್ಟಾಗ ಭಾರ ಬಿದ್ದು ಒದ್ದೆ ಅರಿವೆ ಹಿಂಡಿದಂತೆ ನೀರು ಬಿಡುತ್ತದೆ, ಕಾಲು ಎತ್ತಿದಾಗ ಕೀಲಿನೊಳಗಿನ ದ್ರವವನ್ನು ಮತ್ತೆ ಹೀರಿಕೊಳ್ಳುತ್ತದೆ. ಆ ಹಿಂಡುವಿಕೆಯಲ್ಲೇ ಅದರ ಊಟ ಒಳಗೆ, ಕಸ ಹೊರಗೆ. ಕಾಂಪ್‌ನ ಚೂರುಗಳೂ ಹಾಗೇ ಹೊರಬಂದು ನಿಧಾನಕ್ಕೆ ರಕ್ತ ಸೇರುತ್ತವೆ.

ನೀವು ನೇಕಾರರ ಊರಿನವರು, ನಿಮಗೆ ಹೀಗೆ ಹೇಳಿದರೆ ಬೇಗ ತಿಳಿದೀತು. ಓಣಿಯ ಗಟಾರದಲ್ಲಿ ನೂಲಿನ ಚೂರು ಹರಿದು ಬಂತು ಅನ್ನಿ. ಯಾರ ಮನೆಯ ಮಗ್ಗದ್ದು? ಖಣ ಹರಿದು ಬಂದ ಚೂರೋ, ನೇಯ್ಗೆ ಜೋರಾಗಿ ನಡೆದಿರುವುದರಿಂದ ಕತ್ತರಿಸಿ ಬಿದ್ದ ಚೂರೋ? ಗಟಾರ ನೋಡಿ ಹೇಳಲಾಗದು. ಮಗ್ಗ ಬಂದ್ ಆದರೆ ಮಾತ್ರ ಚೂರು ನಿಲ್ಲುತ್ತದೆ, ಆದರೆ ಅದು ಖುಷಿಪಡುವ ಸುದ್ದಿಯೇ?

ಕಾಂಪ್ ವಿಷಯದಲ್ಲಿ ಇದು ಬರೀ ಉಪಮೆಯಲ್ಲ. ಆರೋಗ್ಯವಂತರನ್ನು ಅರ್ಧ ಗಂಟೆ ನಡೆಸಿ ರಕ್ತ ತೆಗೆದಾಗ ಕಾಂಪ್ ಸುಮಾರು ಹತ್ತನೇ ಒಂದು ಭಾಗ ಏರಿತ್ತು, ಅರ್ಧ ಗಂಟೆ ಕೂತ ಮೇಲೆ ಇಳಿದಿತ್ತು. ಇನ್ನೊಂದು ಪ್ರಯೋಗದಲ್ಲಿ ಜನರನ್ನು 14 ದಿನ ಹಾಸಿಗೆಯಲ್ಲೇ ಮಲಗಿಸಿದಾಗ ಕಾಂಪ್ ಇಳಿಯಿತು. ಹದಿನಾಲ್ಕು ದಿನ ಮಲಗಿದವರ ಮೊಣಕಾಲು ಸುಧಾರಿಸಿತು ಎಂದು ಯಾವ ವೈದ್ಯನೂ ಹೇಳುವುದಿಲ್ಲ, ತೊಡೆಯ ಸ್ನಾಯು ಸೊರಗಿ ಕೀಲಿಗೆ ತೊಂದರೆಯೇ ಆಗುತ್ತದೆ. ನೀವು ವಾಕಿಂಗ್ ನಿಲ್ಲಿಸಿ ಮೂರು ತಿಂಗಳ ಬಳಿಕ ಮತ್ತೆ ಟೆಸ್ಟ್ ಮಾಡಿಸಿದ್ದರೆ ನಂಬರ್ ಇಳಿದಿರುತ್ತಿತ್ತೋ ಏನೋ. ಗ್ಲುಕೋಸಮೀನ್ ಕೆಲಸ ಮಾಡಿತು ಎಂದು ನಿಮ್ಮನ್ನು ನಂಬಿಸುತ್ತಿದ್ದರು. ಕಾಲಿನ ಬಲ ಮಾತ್ರ ಕುಗ್ಗಿರುತ್ತಿತ್ತು.

ವಾಕಿಂಗ್ ಮುಗಿಸಿ ಹಾಗೇ ಹೋದೆ ಎಂದು ನೀವು ಬರೆದ ಒಂದು ಸಾಲು ನನಗೆ ಇಡೀ ರಿಪೋರ್ಟಿಗಿಂತ ಉಪಯೋಗಕ್ಕೆ ಬಂತು. 12.9ರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಲ್ಯಾಬಿನದೇ ಗೆರೆಯೊಳಗೆ ಬರುತ್ತದೆ. ನಿಮ್ಮ ಏರಿಕೆ ನಡಿಗೆಯಿಂದಲೇ ಆದದ್ದು ಎಂದು ನಾನೂ ಆಣೆ ಮಾಡಲಾರೆ. ಆದರೆ ಸೂಜಿ ಚುಚ್ಚುವ ಮೊದಲು ‘ಈಗ ನಡೆದು ಬಂದಿರೇನು?’ ಎಂದು ಕೇಳದೆ, ಸ್ವಲ್ಪ ಹೊತ್ತು ಕೂರಿಸದೆ ತೆಗೆದ ರಕ್ತದ ಮೇಲೆ ಕೆಂಪು ಶಾಯಿ ಹೊಡೆಯುವುದು ಸರಿಯಲ್ಲ. ಅಲ್ಲದೆ ಕಾಂಪ್ ಬರೀ ಮೊಣಕಾಲಿನ ಸ್ವತ್ತಲ್ಲ. ಸೊಂಟ, ಬೆರಳು, ಭುಜದ ಕೀಲುಗಳಲ್ಲೂ ಇದೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಲ್ಲೂ ಇದೆ. ಎಲ್ಲದರ ಚೂರೂ ಒಂದೇ ರಕ್ತದಲ್ಲಿ.

ಬೇರೆ ಹೆಸರಿನ ಟೆಸ್ಟುಗಳೂ ಇದೇ ಹಾದಿಯವು. ಮೂತ್ರದಲ್ಲಿ ಅಳೆಯುವ ಸಿಟಿಎಕ್ಸ್-2 ಎಂಬ ಕೊಲಾಜನ್ ಚೂರನ್ನು ಸಂಶೋಧಕರು ಹೆಚ್ಚು ನೆಚ್ಚಿದ್ದಾರೆ. ಅಮೆರಿಕದಲ್ಲಿ 600 ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಈಗಾಗಲೇ ಕಾಯಿಲೆ ಇರುವವರಲ್ಲಿ ಯಾರದ್ದು ಮುಂದುವರಿಯುತ್ತದೆ ಎಂಬ ಸುಳಿವನ್ನು ಅದು ಅಷ್ಟಿಷ್ಟು ಕೊಟ್ಟಿತು. ಆದರೆ ಹೆಂಗಸರಲ್ಲಿ ಮುಟ್ಟು ನಿಂತ ಮೇಲೂ ಅದು ಏರುತ್ತದೆ. ಕೀಲಿನ ದ್ರವದಲ್ಲಿರುವ ಹಯಲುರಾನಿಕ್ ಆಸಿಡ್ ಎಂಬುದನ್ನೂ ರಕ್ತದಲ್ಲಿ ಅಳೆಯುತ್ತಾರೆ, ಅದು ಲಿವರ್ ಕೆಟ್ಟವರಲ್ಲೂ ಹೆಚ್ಚುತ್ತದೆ. ಹೊಸ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೂರಾರು ಜನರ ಗುಂಪಿನಲ್ಲಿ ನೋಡಲು ಇವೆಲ್ಲ ಬೇಕು, ಅದಕ್ಕಾಗಿಯೇ ಸಂಶೋಧನೆ ನಡೆದಿದೆ. ದಿನನಿತ್ಯದ ಚಿಕಿತ್ಸೆಯಲ್ಲಿ ಇವುಗಳಿಂದ ಆಸ್ಟಿಯೋಆರ್ಥ್ರೈಟಿಸ್ ಪತ್ತೆ ಮಾಡಿ ಎಂದು ಯಾವ ಪ್ರಮುಖ ಮಾರ್ಗಸೂಚಿಯೂ ಹೇಳುವುದಿಲ್ಲ.

ಹಾಗಾದರೆ ಡಾಕ್ಟರರು ಹೇಗೆ ಪತ್ತೆ ಹಚ್ಚುತ್ತೀರಿ ಎಂದು ಕೇಳುತ್ತೀರಿ. ಸಪ್ಪೆ ಉತ್ತರ: ಕೇಳಿ, ನೋಡಿ, ಮುಟ್ಟಿ. ವಯಸ್ಸು 45 ದಾಟಿದ್ದು, ಓಡಾಟ-ಕೆಲಸದಲ್ಲಿ ನೋವು ಬರುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆ ಮೀರದಿದ್ದರೆ, ಬೇರೆ ರೋಗದ ಲಕ್ಷಣ ಇಲ್ಲದಾಗ ಎಕ್ಸ್-ರೇ ಕೂಡ ಇಲ್ಲದೆ ಇದು ಆಸ್ಟಿಯೋಆರ್ಥ್ರೈಟಿಸ್ ಎನ್ನಬಹುದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಪತ್ರ ಅದಕ್ಕೆ ಹೊಂದುತ್ತದೆ. ಹೌದು, ನಿಮಗೆ ಶುರುವಿನ ಹಂತದ ಮೊಣಕಾಲಿನ ಸವೆತ, ಬಹುಶಃ ಮೊಣಕಾಲ ಚಿಪ್ಪಿನ ಹಿಂಬದಿಯದ್ದು, ಇರುವ ಸಾಧ್ಯತೆ ಇದೆ. ಮೆಟ್ಟಿಲು ಏರುವುದಕ್ಕಿಂತ ಇಳಿಯುವಾಗ ನೋವು ಅನ್ನುವವರಲ್ಲಿ ನಾನು ಮೊದಲು ಅಲ್ಲೇ ಕೈ ಇಟ್ಟು ನೋಡುತ್ತೇನೆ. ಇದನ್ನು ಮುಚ್ಚಿಟ್ಟು ‘ಏನೂ ಇಲ್ಲ’ ಅನ್ನಲಾರೆ. ಕಾಂಪ್ 9 ಬಂದಿದ್ದರೂ ಇದನ್ನೇ ಹೇಳುತ್ತಿದ್ದೆ.

‘ಸವೆತ’ ಎಂಬ ಮಾತಿನಿಂದಲೇ ಅರ್ಧ ಹೆದರಿಕೆ ಹುಟ್ಟುತ್ತದೆ. ಬಂಡಿಯ ಅಚ್ಚು ಸವೆದಂತೆ ಬಳಸಿದಷ್ಟೂ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ಹತ್ತಿರ ಬರುವವರು ಇನ್ನೊಂದು ಹೆಜ್ಜೆ ಮುಂದೆ: ‘ಸಾಹೇಬ್ರ, ಮೊಳಕಾಲಾಗ ಗ್ರೀಸ್ ಖಾಲಿ ಆಗೇತಿ, ಒಂದು ಸೂಜಿ ಹಾಕಿ ಗ್ರೀಸ್ ತುಂಬ್ರಿ’ ಅನ್ನುತ್ತಾರೆ. ಕೀಲು ಯಂತ್ರವಲ್ಲ, ಜೀವ ಇರುವ ಅಂಗ. ಕಾರ್ಟಿಲೇಜ್ ತೆಳುವಾಗುವುದರ ಜೊತೆಗೆ ಅದರ ಕೆಳಗಿನ ಎಲುಬು, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು ಎಲ್ಲವೂ ಈ ಕಾಯಿಲೆಯಲ್ಲಿ ಪಾಲುದಾರರು. ಕಾರ್ಟಿಲೇಜ್‌ಗೆ ನರವೇ ಇಲ್ಲವೆಂದ ಮೇಲೆ ನೋವು ಹೇಳುವುದು ಈ ನೆರೆಹೊರೆಯವರೇ. ಅದಕ್ಕೇ ಸವೆತಕ್ಕೂ ನೋವಿಗೂ ಲೆಕ್ಕ ತಾಳೆಯಾಗುವುದಿಲ್ಲ. ಒಮ್ಮೆ ಒಬ್ಬ ಅಜ್ಜ ಬಿದ್ದು ಎಡ ಮೊಣಕಾಲು ಊದಿಸಿಕೊಂಡು ಬಂದಿದ್ದರು. ಎರಡೂ ಕಾಲಿನ ಎಕ್ಸ್-ರೇ ತೆಗೆಸಿದೆ. ಬಲಗಾಲಿನ ಫಿಲ್ಮಿನಲ್ಲಿ ಎಲುಬಿಗೆ ಎಲುಬು ತಾಗಿತ್ತು. ‘ಬಲಗಾಲು ನೋಯೋದಿಲ್ಲೇನ್ರೀ?’ ಅಂದೆ. ‘ಅದಕ್ಕೇನ್ ಧಾಡಿರಿ, ಬನಶಂಕರಿ ತೇರಿಗೆ ಬಾದಾಮಿಯಿಂದ ನಡಕೋತ ಹೋಗಿ ಬಂದೀನಿ’ ಅಂದರು. ನಾನು ಆ ಫಿಲ್ಮನ್ನು ಅವರಿಗೆ ತೋರಿಸಲಿಲ್ಲ. ಸರಿಯೋ ತಪ್ಪೋ, ನಡೆಯುವವರನ್ನು ಕೂರಿಸುವ ಧೈರ್ಯ ನನಗೆ ಬರಲಿಲ್ಲ.

ಅವ್ವನ ವಿಷಯ. ವಂಶದ ಪಾತ್ರ ಇದೆ, ಅಲ್ಲಗಳೆಯುವುದಿಲ್ಲ. ಬ್ರಿಟನ್ನಿನ ಅವಳಿ ಮಹಿಳೆಯರ ಮೇಲೆ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೈ ಮತ್ತು ಮೊಣಕಾಲಿನ ಸವೆತದಲ್ಲಿ ವಂಶದ ಪಾಲು ಸುಮಾರು ಶೇ 40ರಿಂದ 65 ಎಂದು ಕಂಡುಬಂತು. ಉಳಿದ ಪಾಲು ತೂಕ, ಹಳೆಯ ಪೆಟ್ಟು, ಕೆಲಸದ ರೀತಿ ಇಂಥವುಗಳದ್ದು. ನಿಮ್ಮ ಅವ್ವ ಕಾಲು ಕುಣಿಗೆ ಇಳಿಬಿಟ್ಟು ದಿನವಿಡೀ ಮಗ್ಗ ತುಳಿದವರು, ಎದ್ದ ಮೇಲೆ ನೆಲಕ್ಕೆ ಕೂತು ರೊಟ್ಟಿ ಬಡಿದವರು. ನೋವು ಬಂದ ಮೊದಲ ವರ್ಷ ಅವರಿಗೆ ಯಾರಾದರೂ ತೊಡೆಯ ವ್ಯಾಯಾಮ ಹೇಳಿಕೊಟ್ಟಿದ್ದರೇ? ಬಹುಶಃ ಇಲ್ಲ. ನಿಮಗೆ ಆ ಮೊದಲ ವರ್ಷ ಈಗ ನಡೆದಿದೆ.

ಆದ್ದರಿಂದ ಮಾಡಬೇಕಾದದ್ದಕ್ಕೆ ಬರುತ್ತೇನೆ. ತೊಡೆಯ ಮುಂಭಾಗದ ಸ್ನಾಯು ಮೊಣಕಾಲಿನ ಯಜಮಾನ. ಅದು ಗಟ್ಟಿಯಿದ್ದರೆ ಮೆಟ್ಟಿಲು ಇಳಿಯುವಾಗಿನ ಪೆಟ್ಟನ್ನು ತಾನೇ ತಡೆದುಕೊಳ್ಳುತ್ತದೆ. ಶಾಲೆಯ ಕುರ್ಚಿಯೇ ಸಾಕು. ಕೈ ಊರದೆ ಎದ್ದು ನಿಲ್ಲಿ, ಒಂದು-ಎರಡು-ಮೂರು ಎಣಿಸುತ್ತ ನಿಧಾನಕ್ಕೆ ಕೂರಿ. ದೊಪ್ಪನೆ ಕೂತರೆ ಅದು ವ್ಯಾಯಾಮವಲ್ಲ, ಇಳಿಯುವ ನಿಧಾನದಲ್ಲೇ ಎಲ್ಲ ಇದೆ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ರಾತ್ರಿ ಹಾಸಿಗೆಯ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಅದುಮುತ್ತ ತೊಡೆ ಬಿಗಿಹಿಡಿದು ಹತ್ತು ಎಣಿಸಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಹಿಂದಿಗಿಂತ ಜಾಸ್ತಿ ಇದ್ದರೆ ಅಥವಾ ಕೀಲು ಊದಿದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ. ಎರಡು-ಮೂರು ತಿಂಗಳು ಮಾಡದೆ ಫಲ ಇಲ್ಲ ಅನ್ನಬೇಡಿ. ಎರಡನೇ ವಾರಕ್ಕೆ ಬಿಟ್ಟುಬಿಡುವವರೇ ನನ್ನ ಹತ್ತಿರ ಹೆಚ್ಚು ಬರುತ್ತಾರೆ.

ನಲಿ-ಕಲಿಯಲ್ಲಿ ಮಕ್ಕಳ ಜೊತೆ ನೆಲಕ್ಕೆ ಕೂರುವುದು ಕೆಲಸದ ಭಾಗ, ಬಿಡಿ ಎಂದರೆ ಆಗದು. ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ, ಮಕ್ಕಳ ಎತ್ತರಕ್ಕೂ ಬರುತ್ತದೆ, ಮೊಣಕಾಲೂ ಪೂರ್ತಿ ಮಡಚುವುದಿಲ್ಲ. ಮನೆಯಲ್ಲಿ ರೊಟ್ಟಿಯನ್ನು ನೆಲಕ್ಕೆ ಕೂರದೆ ಅಡುಗೆಕಟ್ಟೆಯ ಮುಂದೆ ನಿಂತು ಮಾಡಿ.

ತೂಕದ ಮಾತು ಹೆಂಗಸರಿಗೆ ಹೇಳಿದರೆ ಬೈದಂತಾಗುತ್ತದೆ, ಆದರೂ ಲೆಕ್ಕ ಕೇಳಿ. ಮೊಣಕಾಲಿನ ಸವೆತ ಇದ್ದ, ತೂಕ ಇಳಿಸಿಕೊಂಡವರ ನಡಿಗೆಯನ್ನು ಅಳೆದಾಗ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಕಂಡಿದೆ. ನೀವು 71ರಿಂದ 66ಕ್ಕೆ ಬಂದರೆ ಹೆಜ್ಜೆ ಹೆಜ್ಜೆಗೂ 20 ಕಿಲೋ ಕಡಿಮೆ. ಯಾವ ಮಾತ್ರೆಯೂ ಇಷ್ಟು ಹೊರೆ ಇಳಿಸುವುದಿಲ್ಲ.

ನೋವು ಜೋರಾದ ದಿನ ಡೈಕ್ಲೋಫಿನಾಕ್ ಜೆಲ್ ಹಚ್ಚಿ. ಮಾತ್ರೆ ಆಮೇಲಿನ ಮಾತು. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ ಅದಕ್ಕಿಂತ ಅಪಾಯ. ಮೂರು ದಿನಕ್ಕೆ ನೋವು ಮಾಯ ಎಂದವರ ಮುಖ ಮೂರು ತಿಂಗಳಿಗೆ ಊದಿ, ಶುಗರ್ ಏರಿದ್ದನ್ನು ಕಂಡಿದ್ದೇನೆ. ಅಂಥ ಪುಡಿಗೆ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ಲ್ಯಾಬಿನವರು ಗ್ಲುಕೋಸಮೀನ್ ತಗೊಳ್ಳಿ ಎಂದರು ಅಂತ ಬರೆದಿದ್ದೀರಿ. ಅಮೆರಿಕದಲ್ಲಿ 1,583 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಟ್ಟಾರೆಯಾಗಿ ನೋಡಿದರೆ ಅದು ಹುಸಿ ಗುಳಿಗೆಗಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ. ಆ ದುಡ್ಡಿಗೆ ಒಳ್ಳೆಯ ಮೆತ್ತನೆಯ ಶೂ ಕೊಳ್ಳಿ. ‘ಗ್ರೀಸ್’ ಇಂಜೆಕ್ಷನ್ನಿನ ಲಾಭವೂ ತೀರಾ ಅಲ್ಪ. ಪಿಆರ್‌ಪಿ ಎಂದು ನಿಮ್ಮದೇ ರಕ್ತ ತಿರುಗಿಸಿ ಚುಚ್ಚುವುದನ್ನು ಆಸ್ಟ್ರೇಲಿಯಾದಲ್ಲಿ 288 ಜನರಲ್ಲಿ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿದಾಗ (2021) ಒಂದು ವರ್ಷದ ಬಳಿಕ ನೋವಿನಲ್ಲಾಗಲಿ ಕಾರ್ಟಿಲೇಜ್‌ನಲ್ಲಾಗಲಿ ಫರಕು ಕಾಣಲಿಲ್ಲ. ಕೀಲಿಗೆ ಸ್ಟಿರಾಯ್ಡ್ ಚುಚ್ಚಿದರೆ ಕೆಲವು ವಾರ ಹಾಯಾಗಿರುತ್ತದೆ, ಊದಿ ನಡೆಯಲಾಗದವರಿಗೆ ನಾನೂ ಕೊಡುತ್ತೇನೆ. ಆದರೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡಿದಾಗ ಕಾರ್ಟಿಲೇಜ್ ಇನ್ನಷ್ಟು ತೆಳುವಾದದ್ದು 2017ರ ಅಧ್ಯಯನದಲ್ಲಿ ಗೊತ್ತಾಗಿದೆ. ನಿಮ್ಮ ಹಂತಕ್ಕೆ ಇದ್ಯಾವುದೂ ಬೇಕಿಲ್ಲ. ಕೀಲು ಬದಲಿಸುವ ಆಪರೇಷನ್ ಬಗ್ಗೆ ಈಗ ಯೋಚಿಸುವ ಅಗತ್ಯವೇ ಇಲ್ಲ.

ಹಾಗಾದರೆ ಕೀಲು ನೋವಿಗೆ ರಕ್ತ ಪರೀಕ್ಷೆಯೇ ಬೇಡವೇ? ಬೇಕು, ಬೇರೆ ಕಾಯಿಲೆ ಇದೆಯೋ ನೋಡಲು. ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು, ಎರಡೂ ಕೈಯ ಬೆರಳ ಸಂದು ಊದಿದ್ದರೆ ಇಎಸ್‌ಆರ್, ಸಿಆರ್‌ಪಿ ಜೊತೆ ಆ್ಯಂಟಿ-ಸಿಸಿಪಿ ಮಾಡಿಸಲೇಬೇಕು. ಅದು ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ), ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ ಇರಬಹುದು, ಅದಕ್ಕೆ ಬೇಗ ಔಷಧ ಶುರುವಾದಷ್ಟೂ ಕೀಲು ಉಳಿಯುತ್ತದೆ. ಬರೀ ಆರ್‌ಎ ಫ್ಯಾಕ್ಟರ್ ನಂಬುವಂತಿಲ್ಲ, ಏನೂ ಇಲ್ಲದ ವಯಸ್ಸಾದವರಲ್ಲೂ ಅದು ಪಾಸಿಟಿವ್ ಬರುವುದುಂಟು. ನಿಮ್ಮ ಪ್ಯಾಕೇಜಿನ ಎಎಸ್‌ಒ ಅಂತೂ ಗಂಟಲ ಸೋಂಕಿನ ನಂತರ ಮಕ್ಕಳಿಗೆ ಬರುವ ರುಮಾಟಿಕ್ ಜ್ವರದ ವಿಚಾರಕ್ಕೆ ಸಂಬಂಧಿಸಿದ್ದು. 46ರ ಮೊಣಕಾಲು ನೋವಿನಲ್ಲಿ ಅದಕ್ಕೇನು ಕೆಲಸವೋ ನಾನು ಕಾಣೆ. ಪ್ಯಾಕೇಜ್ ತುಂಬಿ ಕಾಣಲಿ ಎಂದು ಸೇರಿಸಿರಬೇಕು.

ನಮ್ಮ ಭಾಗದ ಎರಡು ವಿಷಯ ಸೇರಿಸುತ್ತೇನೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಬೆನ್ನು-ಕೀಲು ಬಿಗಿಯುತ್ತವೆ. ಓಣಿಯಲ್ಲಿ ಹಲವರಿಗೆ ಒಟ್ಟಿಗೆ ಕುತ್ತಿಗೆ-ಸೊಂಟ ಬಿಗಿದಿದ್ದರೆ ರಕ್ತಕ್ಕಿಂತ ಮೊದಲು ನೀರು ಪರೀಕ್ಷೆ ಮಾಡಿಸಿ. ಎರಡನೆಯದು ಚಿಕುನ್‌ಗುನ್ಯಾ. 2006ರಲ್ಲಿ ಅದು ನಮ್ಮ ಕಡೆ ಮನೆಮನೆ ಮಲಗಿಸಿದ್ದು ನೆನಪಿರಬಹುದು. ಜ್ವರ ಬಿಟ್ಟು ತಿಂಗಳುಗಳಾದರೂ ಕೆಲವರಿಗೆ ಕೀಲು ನೋವು ಬಿಡುವುದಿಲ್ಲ. ನಿಮ್ಮದು ಇವೆರಡರಂತೆ ಕಾಣುವುದಿಲ್ಲ.

ಮೊಣಕಾಲು ಒಮ್ಮೆಲೇ ಊದಿ ಕೆಂಪಗೆ ಬಿಸಿಯಾದರೆ, ಜೊತೆಗೆ ಜ್ವರ ಬಂದರೆ, ನಡುವೆ ಸಿಕ್ಕಿಕೊಂಡು ಚಾಚಲಾಗದಿದ್ದರೆ, ರಾತ್ರಿ ಮಲಗಿದಾಗಲೂ ನೋವು ಎಬ್ಬಿಸುತ್ತಿದ್ದರೆ ಈ ಉತ್ತರ ಬದಿಗಿಟ್ಟು ಅಂದೇ ವೈದ್ಯರನ್ನು ಕಾಣಿ. ಇಲ್ಲದಿದ್ದರೆ ಮೂರು ತಿಂಗಳು ಕುರ್ಚಿಯ ವ್ಯಾಯಾಮ ಮಾಡಿ, ಆಮೇಲೂ ನೋವು ಹಾಗೇ ಇದ್ದರೆ ಹತ್ತಿರದ ಎಲುಬು-ಕೀಲು ತಜ್ಞರಲ್ಲಿ ಹೋಗಿ. ಅವರು ಎಕ್ಸ್-ರೇ ಬರೆದುಕೊಟ್ಟರೆ ಚೀಟಿಯಲ್ಲಿ ‘ನಿಂತು ತೆಗೆಯಬೇಕು’ ಎಂದು ಬರೆಸಿಕೊಳ್ಳಿ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಕೀಲಿನ ಸಂದು ನಿಜಕ್ಕಿಂತ ಅಗಲ ಕಾಣಬಹುದು. ಹೋಗುವ ದಿನ ಮೊಣಕಾಲ ಮೇಲಕ್ಕೆ ಸರಿಸಲು ಬರುವ ಸಡಿಲ ಚೂಡಿದಾರ ಹಾಕಿಕೊಳ್ಳಿ, ಶಾಲೆಗೆ ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ. ಅದರ ಹಿಮ್ಮಡಿ ಯಾವ ಬದಿಗೆ ಸವೆದಿದೆ ಎಂದು ನೋಡುವುದೂ ಪರೀಕ್ಷೆಯ ಭಾಗವೇ.